ಎಳೆಯೋದು ಬೇರೆ, ಹೊರೋದು ಬೇರೆ: ಟೆಕ್ಸಾಸಿನಲ್ಲಿ ನನ್ನ ಪಿಕಪ್ ಟ್ರಕ್

ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಹಳದಿ-ಬಿಳಿ ಸ್ಟಿಕ್ಕರ್ ಇರುತ್ತದೆ. ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ ನೋಡೋಕೆ ಎಲ್ಲರೂ ಅದನ್ನು ನೋಡಿರುತ್ತಾರೆ. ಅದೇ ಸ್ಟಿಕ್ಕರ್‌ನಲ್ಲಿ ಇನ್ನೊಂದು ಸಾಲು ಇದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ. ನನ್ನ ಟ್ರಕ್ಕಿಗೆ ಅದು 1,540 ಪೌಂಡ್, ಅಂದರೆ ಹತ್ತಿರ ಹತ್ತಿರ 700 ಕೆಜಿ. ಆ ಸಾಲನ್ನು ನಾನು ಸರಿಯಾಗಿ ಓದಿದ್ದು ಟ್ರಕ್ ತಗೊಂಡ ಏಳು ತಿಂಗಳ ಮೇಲೆ. ಓದುವಷ್ಟರಲ್ಲಿ ಹೆದ್ದಾರಿಯಲ್ಲಿ ಒಂದು ಸಲ ಜೀವ ಬಾಯಿಗೆ ಬಂದಿತ್ತು. ಇಲ್ಲಿಗೆ ಹೊಸದಾಗಿ ಬಂದು ಟ್ರಕ್ ತಗೊಳ್ಳೋಣ, ಟ್ರೈಲರ್ ಕಟ್ಟಿಕೊಂಡು ಸುತ್ತೋಣ ಅಂತಿರುವ ನಮ್ಮ ಹುಡುಗರು ಮೊದಲೇ ತಿಳಿದುಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಡಾಲಸ್ ಹತ್ತಿರ. ಇಲ್ಲಿ ಪಿಕಪ್ ಅಂದರೆ ಫುಲ್ ಸೈಜ್ ಪಿಕಪ್. ಎಫ್-150, ಸಿಲ್ವರಾಡೊ, ರ‍್ಯಾಮ್, ಟಂಡ್ರಾ ಯಾವುದೇ ತಗೊಳ್ಳಿ, ನಾಲ್ಕು ಬಾಗಿಲಿನ ಕ್ಯಾಬ್ ಇದ್ದರೆ ಉದ್ದ ಹತ್ತೊಂಬತ್ತು ಅಡಿ ದಾಟುತ್ತದೆ. ಇವನ್ನೆಲ್ಲ ಹಾಫ್ ಟನ್ ಅಂತ ಕರೆಯುತ್ತಾರೆ. ಹಿಂದೆ ಅರ್ಧ ಟನ್ ಹೊರುತ್ತಿದ್ದವು, ಆ ಹೆಸರು ಹಾಗೇ ಉಳಿದುಕೊಂಡಿದೆ. ನನ್ನದು ಯಾವ ಕಂಪನಿಯದು ಅಂತ ಇಲ್ಲಿ ಬೇಡ. ನಾನು ಹೇಳುವ ಮಾತು ಎಲ್ಲ ಹಾಫ್ ಟನ್‌ಗಳಿಗೂ ಅನ್ವಯಿಸುತ್ತದೆ.

ನಾನು ಮೂರು ವರ್ಷ ಹಳೆಯ, 41,000 ಮೈಲಿ ಓಡಿದ, ಎಂಟು ಸಿಲಿಂಡರಿನ ವಿ8 ಎಂಜಿನ್ ಇರುವ ಗಾಡಿ ತಗೊಂಡೆ. ತಗೊಳ್ಳುವಾಗ ನೋಡಬೇಕಾದ್ದನ್ನೆಲ್ಲ ನೋಡಿದೆ ಅಂದುಕೊಂಡಿದ್ದೆ. ಕೆಳಗೆ ಮಲಗಿ ಚಾಸಿಗೆ ತುಕ್ಕು ಹಿಡಿದಿದೆಯಾ ನೋಡಿದೆ, ಯಾಕೆಂದರೆ ಉತ್ತರದ ರಾಜ್ಯಗಳಲ್ಲಿ ಹಿಮಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿಂದ ಬಂದ ಗಾಡಿಯ ಮೇಲೆ ಬಣ್ಣ ಫಳಫಳ ಅಂದರೂ ಕೆಳಗೆ ತಿಂದುಹೋಗಿರುತ್ತದೆ. ಗಾಡಿಯ ಗುರುತಿನ ಸಂಖ್ಯೆಯಾದ ವಿನ್ ನಂಬರನ್ನು ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಯ ವೆಬ್‌ಸೈಟಿಗೆ ಹಾಕಿ ರಿಕಾಲ್, ಅಂದರೆ ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಡಬೇಕಾದ ದೋಷ, ಬಾಕಿ ಇದೆಯಾ ನೋಡಿದೆ, ಅದು ಪುಕ್ಕಟೆ. ಟ್ರೈಲರ್ ಎಳೆಯುವ ಸಲಕರಣೆಯ ಟೋ ಪ್ಯಾಕೇಜ್ ಇದೆಯಾ, ಟ್ರೈಲರಿನ ಲೈಟು ಬ್ರೇಕಿಗೆ ಕರೆಂಟು ಕೊಡುವ ಏಳು ಪಿನ್ನಿನ ಸಾಕೆಟ್ ಇದೆಯಾ, ಟ್ರೈಲರ್ ಬ್ರೇಕ್ ಕಂಟ್ರೋಲರ್ ಕಂಪನಿಯದೇ ಇದೆಯಾ, ಎಲ್ಲ ನೋಡಿದೆ. ಸನ್‌ರೂಫ್ ಇತ್ತು, ಚರ್ಮದ ಸೀಟು, ಇಪ್ಪತ್ತು ಇಂಚಿನ ಚಕ್ರ, ಫೋರ್ ವೀಲ್ ಡ್ರೈವ್. ಖುಷಿಯಾಯಿತು. ಈ ಖುಷಿಯ ಒಂದೊಂದು ಐಟಮ್ಮೂ ಬಾಗಿಲಿನ ಸ್ಟಿಕ್ಕರ್‌ನ ಅಂಕಿಯಿಂದ ತೂಕ ಕಳೆದೇ ಬಂದಿರುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಗಾಡಿಯ ಒಟ್ಟು ತೂಕಕ್ಕೆ ಒಂದು ಮಿತಿ ಇದೆ, ಖಾಲಿ ಗಾಡಿಯೇ ಭಾರವಾದರೆ ಹೊರಲು ಉಳಿಯುವುದು ಕಡಿಮೆ. ಅದಕ್ಕೇ ಒಂದೇ ಮಾಡೆಲ್ಲಿನ ಎರಡು ಟ್ರಕ್ ಪಕ್ಕಪಕ್ಕ ನಿಂತಿದ್ದರೂ ಸ್ಟಿಕ್ಕರ್ ಬೇರೆ ಬೇರೆ ಇರುತ್ತದೆ.

ಮನೆಗೆ ತಂದ ದಿನ ಹೆಂಡತಿ ಗ್ಯಾರೇಜ್ ಬಾಗಿಲಲ್ಲಿ ನಿಂತು "ರೀ, ಇದು ಒಳಗೆ ಹೋಗುತ್ತಾ?" ಅಂದಳು. ಟೇಪ್ ಹಿಡಿದು ಮೊದಲೇ ಅಳೆದಿದ್ದೆ. ಗ್ಯಾರೇಜ್ ಇಪ್ಪತ್ತು ಅಡಿ. ಎದುರಿನ ಗೋಡೆಯ ಕಪಾಟು ತೆಗೆದು ಒಳಗೆ ಹಾಕಿದ್ದಾಯಿತು. ಆಮೇಲಿನ ಆರು ತಿಂಗಳು ಚೆನ್ನಾಗಿಯೇ ಕಳೆಯಿತು. ಟ್ರಕ್ಕಿನ ಹಿಂದಿನ ತೆರೆದ ತೊಟ್ಟಿಗೆ ಇಲ್ಲಿ ಬೆಡ್ ಅಂತಾರೆ. ನಾಲ್ಕಡಿ ಅಗಲದ ಪ್ಲೈವುಡ್ ಹಾಳೆ ಬೆಡ್‌ನಲ್ಲಿ ಎರಡು ಚಕ್ರದ ಉಬ್ಬಿನ ನಡುವೆ ಸಪಾಟಾಗಿ ಕೂರುತ್ತದೆ. ಹಿತ್ತಲಿನ ಪಾತಿಗೆ ಗೊಬ್ಬರದ ಮಣ್ಣು ತಂದೆ. ಸಂಕ್ರಾಂತಿ ಹಬ್ಬಕ್ಕೆ ಕನ್ನಡ ಸಂಘದವರ ವೇದಿಕೆಯ ಹಲಗೆ, ಸ್ಪೀಕರ್, ದೊಡ್ಡ ಪಾತ್ರೆ ಎಲ್ಲ ನಮ್ಮ ಟ್ರಕ್ಕಿನಲ್ಲೇ ಹೋಯಿತು. ಖಾಲಿ ಓಡಿಸಿದರೆ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 19 ಮೈಲಿ ಬರುತ್ತದೆ, ಲೀಟರಿಗೆ 8 ಕಿಲೋಮೀಟರ್ ಅನ್ನಿ. ಊರಿನಲ್ಲಿ ಪಾರ್ಕ್ ಮಾಡೋದೊಂದೇ ಕಷ್ಟ, ಅಂಗಡಿಯ ದೂರದ ಮೂಲೆಗೆ ಹೋಗಿ ನಿಲ್ಲಿಸಿ ನಡೆದು ಬರುವುದು ಅಭ್ಯಾಸವಾಗಿದೆ.

ವಸಂತದಲ್ಲಿ ಟ್ರೈಲರ್ ತಗೊಂಡೆವು. ಊರಿಂದ ಅಪ್ಪ ಬರುತ್ತಾರೆ, ಮಕ್ಕಳಿಗೆ ರಜೆ, ಹೋಟೆಲ್ಲಿನ ಊಟ ಅಪ್ಪನಿಗೆ ಆಗಿಬರುವುದಿಲ್ಲ. ಒಳಗೇ ಅಡುಗೆಮನೆ, ಮಂಚ, ಬಾತ್‌ರೂಮ್ ಇರುವ ಇಪ್ಪತ್ತೈದು ಅಡಿಯ ಹಳೆಯ ಕ್ಯಾಂಪಿಂಗ್ ಟ್ರೈಲರ್ ಸಿಕ್ಕಿತು. ಖಾಲಿ ತೂಕ 5,600 ಪೌಂಡ್ ಅಂತ ಕಾಗದದಲ್ಲಿತ್ತು. ಮಾರುವವನು ನನ್ನ ಟ್ರಕ್ ನೋಡಿ, ಇದು 11,000 ಪೌಂಡ್ ಎಳೆಯುತ್ತದೆ, ನಿಮಗೆ ಇದು ಯಾವ ಲೆಕ್ಕ, ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಎಳೆಯುತ್ತದೆ. ಎಂಜಿನ್ನಿಗೆ ಶಕ್ತಿ ಇದೆ. ಆದರೆ ಎಳೆಯುವುದು ಬೇರೆ, ಹೊರುವುದು ಬೇರೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೂನ್‌ನಲ್ಲಿ ಹೊರಟೆವು. ಪಾಲೊ ಡ್ಯೂರೊ ಕ್ಯಾನ್ಯನ್‌ಗೆ. ಅದು ಟೆಕ್ಸಾಸಿನ ತಲೆಯ ಭಾಗದಲ್ಲಿ, ಅಮರಿಲ್ಲೊ ಊರಿನ ಹತ್ತಿರ, ಸುಮಾರು 120 ಮೈಲಿ ಉದ್ದದ ಕೆಂಪು ಕಮರಿ. ಗ್ರ್ಯಾಂಡ್ ಕ್ಯಾನ್ಯನ್ ಬಿಟ್ಟರೆ ಈ ದೇಶದಲ್ಲಿ ಅದೇ ದೊಡ್ಡದು ಅಂತಾರೆ. ನಮ್ಮ ಮನೆಯಿಂದ ಯುಎಸ್ 287 ಹಿಡಿದು ವಿಚಿಟಾ ಫಾಲ್ಸ್, ವರ್ನನ್, ಚಿಲ್ಡ್ರೆಸ್ ದಾಟಿ ಹೋಗಬೇಕು. ಹಿಂದಿನ ರಾತ್ರಿ ಟ್ರೈಲರ್ ತುಂಬಿಸಿದೆವು. ಅಡುಗೆಮನೆ ಟ್ರೈಲರಿನ ಹಿಂಬದಿಯಲ್ಲಿತ್ತು. ಅಕ್ಕಿ ಚೀಲ, ರಾಗಿ ಹಿಟ್ಟು, ಎರಡು ಕುಕ್ಕರ್, ಕಬ್ಬಿಣದ ಹೆಂಚು, ಗ್ರೈಂಡರ್, ನೀರಿನ ಬಾಟಲಿಯ ಕಟ್ಟುಗಳು ಎಲ್ಲ ಅಲ್ಲೇ ಸೇರಿದವು. ಚಕ್ರದ ಹಿಂದೆ ಇದ್ದ 40 ಗ್ಯಾಲನ್ನಿನ ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿದೆ, ದಾರಿಯಲ್ಲಿ ಬೇಕಾಗುತ್ತಲ್ಲ ಅಂತ. ಒಂದು ಗ್ಯಾಲನ್ ನೀರು 8.3 ಪೌಂಡ್. ನಾಲ್ಕು ಸೈಕಲ್ ಟ್ರೈಲರಿನ ಹಿಂದಿನ ಬಂಪರಿಗೆ ಕಟ್ಟಿದೆ. ಟ್ರಕ್ಕಿಗೆ ಟ್ರೈಲರನ್ನು ಸೇರಿಸುವ ಕೊಂಡಿ, ಅಂದರೆ ಹಿಚ್ ಕೂರಿಸಿ, ಸರಪಳಿ ಎರಡನ್ನೂ ಕತ್ತರಿಯ ಹಾಗೆ ಅಡ್ಡಡ್ಡ ಹಾಕಿ, ಬ್ರೇಕು ಲೈಟು ಎಲ್ಲ ಪರೀಕ್ಷೆ ಮಾಡಿದೆ. ನೋಡಲು ಟ್ರಕ್ಕೂ ಟ್ರೈಲರೂ ಒಂದೇ ಮಟ್ಟದಲ್ಲಿ ನಿಂತಿದ್ದವು. ಹಿಂದೆ ಸ್ವಲ್ಪವೂ ಕುಸಿದಿಲ್ಲ ಅಂತ ಸಮಾಧಾನಪಟ್ಟೆ. ಅದೇ ತಪ್ಪಿನ ಗುರುತು ಅಂತ ಆಗ ತಿಳಿಯಲಿಲ್ಲ.

ವರ್ನನ್ ದಾಟುವವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ಗಾಳಿ ಶುರುವಾಯಿತು. ಆ ಕಡೆ ಮರ ಇಲ್ಲ, ಗುಡ್ಡ ಇಲ್ಲ, ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ, ಅಡ್ಡಗಾಳಿ ಬಂದರೆ ತಡೆಯುವುದಕ್ಕೆ ಏನೂ ಇಲ್ಲ. ನಾನು 65 ಮೈಲಿ ವೇಗದಲ್ಲಿದ್ದೆ. ಒಂದು ದೊಡ್ಡ ಲಾರಿ ಎಡಗಡೆಯಿಂದ ದಾಟಿತು. ದಾಟುವಾಗ ಅದರ ಗಾಳಿ ಮೊದಲು ಹೊರಗೆ ನೂಕುತ್ತದೆ, ಮುಂದೆ ಹೋದ ಮೇಲೆ ಒಳಗೆ ಎಳೆಯುತ್ತದೆ. ಟ್ರೈಲರಿನ ಬಾಲ ಒಮ್ಮೆ ಬಲಕ್ಕೆ ಹೋಯಿತು. ವಾಪಸ್ ಬರಬೇಕಾದ್ದು ಮಧ್ಯಕ್ಕೆ ನಿಲ್ಲಲಿಲ್ಲ, ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ, ಪ್ರತಿ ಸಲ ಇನ್ನೂ ಜಾಸ್ತಿ, ಸ್ಟೀರಿಂಗ್ ಕೈಯಲ್ಲಿದ್ದರೂ ಟ್ರಕ್ಕಿನ ಹಿಂಭಾಗವನ್ನು ಯಾರೋ ಹಿಡಿದು ಅಲುಗಾಡಿಸುತ್ತಿರುವ ಹಾಗೆ, ಕನ್ನಡಿಯಲ್ಲಿ ಟ್ರೈಲರಿನ ಎರಡು ಪಕ್ಕವೂ ಒಂದಾದ ಮೇಲೊಂದು ಕಾಣಿಸುತ್ತಿತ್ತು. ಹಿಂದೆ ಮಕ್ಕಳು ಕಿರುಚಿದರು.

ಇಂಥ ಹೊತ್ತಿನಲ್ಲಿ ಕಾಲು ಬ್ರೇಕಿನ ಮೇಲೆ ತಾನಾಗಿ ಹೋಗುತ್ತದೆ. ಹೋಗಬಾರದು. ಟ್ರಕ್ ನಿಧಾನವಾದರೆ ಹಿಂದಿನದು ಇನ್ನಷ್ಟು ನೂಕುತ್ತದೆ. ಪಕ್ಕದ ಮನೆಯ ಅಜ್ಜ ಒಬ್ಬರು, ಮೂವತ್ತು ವರ್ಷ ದನದ ಟ್ರೈಲರ್ ಎಳೆದವರು, ಹಿಚ್ ಕಟ್ಟುವುದು ಕಲಿಸುವಾಗ ಇದನ್ನು ಎರಡು ಸಲ ಹೇಳಿದ್ದರು. ಆಕ್ಸಿಲರೇಟರ್‌ನಿಂದ ಕಾಲು ತೆಗಿ, ಸ್ಟೀರಿಂಗ್ ನೇರ ಹಿಡಿ, ಡ್ಯಾಶ್‌ಬೋರ್ಡಿನಲ್ಲಿರುವ ಟ್ರೈಲರ್ ಬ್ರೇಕಿನ ಗುಂಡಿಯನ್ನು ಮಾತ್ರ ಕೈಯಿಂದ ಒತ್ತು ಅಂತ. ಒತ್ತಿದೆ. ಹಿಂದಿನ ಚಕ್ರ ಹಿಡಿದುಕೊಂಡು ಟ್ರೈಲರ್ ಹಗ್ಗ ಜಗ್ಗಿದ ಹಾಗೆ ನೇರವಾಯಿತು. ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಹೆಂಡತಿ ಏನೂ ಮಾತಾಡದೆ ಹಿಂದೆ ತಿರುಗಿ ಮಕ್ಕಳ ಕೈ ಹಿಡಿದುಕೊಂಡಳು.

ಅಪ್ಪ ಇಳಿದರು. ಅವರು ಮದ್ದೂರು ಕಡೆಯ ರೈತರು. ಚಿಕ್ಕಂದಿನಿಂದ ಎತ್ತಿನ ಗಾಡಿಯಲ್ಲಿ ಆಲೆಮನೆಗೆ ಕಬ್ಬು ಹೊಡೆದವರು. ಟ್ರೈಲರ್ ಸುತ್ತ ಒಂದು ಸುತ್ತು ಬಂದರು. ಹಿಂದಿನ ಸೈಕಲ್ಲುಗಳನ್ನು ನೋಡಿದರು. ಒಳಗೆ ಹೋಗಿ ಅಡುಗೆಮನೆಯ ಕಪಾಟು ತೆಗೆದು ನೋಡಿದರು. ಕೆಳಗೆ ಬಗ್ಗಿ ನೀರಿನ ಟ್ಯಾಂಕ್ ಎಲ್ಲಿದೆ ಅಂತ ಕೇಳಿದರು. ಆಮೇಲೆ ಹಿಚ್ ಹತ್ತಿರ ಬಂದು ನಿಂತು ಹೇಳಿದರು.

"ಹಿಂಭಾರ ಆಗೈತೆ ಕಣಪ್ಪ. ಮೂಕಿ ಮೇಲಕ್ಕೆ ಎತ್ತಾ ಐತೆ."

ಎತ್ತಿನ ಗಾಡಿ ಹೊಡೆದವರ ಮನೆಯಲ್ಲಿ ಹುಟ್ಟಿದವರಿಗೆ ಇದು ಗೊತ್ತಿರುತ್ತದೆ. ಕಬ್ಬನ್ನು ಅಚ್ಚಿನಿಂದ ಹಿಂದಕ್ಕೆ ಜಾಸ್ತಿ ಹೇರಿದರೆ ಮೂಕಿ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಮರ, ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕೊರಳಿಗೆ ಸಿಕ್ಕಿಕೊಳ್ಳುತ್ತದೆ, ಗಾಡಿ ದಾರಿಯುದ್ದಕ್ಕೂ ಓಲಾಡುತ್ತದೆ. ಮುಂದಕ್ಕೆ ತೀರಾ ಜಾಸ್ತಿ ಹೇರಿದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಸ್ವಲ್ಪ ಮುಂಭಾರ ಇರಬೇಕು, ಅಷ್ಟೇ. ನನಗೂ ಗೊತ್ತಿತ್ತು. ಆದರೆ ನುಣುಪಾದ ಬಿಳಿ ಟ್ರೈಲರ್ ನೋಡಿದಾಗ ಅದೂ ಒಂದು ಗಾಡಿ ಅಂತ ನನ್ನ ತಲೆಗೆ ಹೊಳೆದಿರಲಿಲ್ಲ. ಇಲ್ಲಿನವರು ಇದನ್ನೇ ಟಂಗ್ ವೇಟ್ ಅಂತಾರೆ. ತುಂಬಿದ ಟ್ರೈಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಹಿಚ್ ಮೇಲೆ ಕೂರಬೇಕು ಅನ್ನುವುದು ನಿಯಮ. ನಮ್ಮದು ಆವತ್ತು ಎಂಟನ್ನೂ ಮುಟ್ಟಿರಲಿಲ್ಲ ಅಂತ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಅದಕ್ಕೇ ಟ್ರಕ್ ಕುಸಿಯದೆ ಮಟ್ಟಸವಾಗಿ ನಿಂತಿತ್ತು. ಈಗ ನಮ್ಮ ಮನೆಯಲ್ಲಿ ಟಂಗ್ ವೇಟ್ ಅನ್ನುವ ಮಾತಿಲ್ಲ, ಮಕ್ಕಳೂ ಮೂಕಿಭಾರ ಅಂತಾನೇ ಹೇಳುತ್ತಾರೆ.

45 ಮೈಲಿ ವೇಗದಲ್ಲಿ ಚಿಲ್ಡ್ರೆಸ್‌ವರೆಗೆ ಹೋದೆವು. ಅಲ್ಲಿ ಟ್ಯಾಂಕಿನ ಒಳ್ಳೆಯ ನೀರನ್ನೆಲ್ಲ ಬಿಟ್ಟೆ. ಸೈಕಲ್ ಬಿಚ್ಚಿ ಟ್ರಕ್ಕಿನ ಬೆಡ್‌ಗೆ ಹಾಕಿದೆ. ಅಪ್ಪ ಮತ್ತು ದೊಡ್ಡ ಮಗಳು ಸೇರಿ ಹಿಂದಿನ ಅಡುಗೆಮನೆಯ ಭಾರದ ಸಾಮಾನೆಲ್ಲ ಮುಂದಿನ ಮಂಚದ ಕೆಳಗೆ ಸಾಗಿಸಿದರು. ಒಂದು ಗಂಟೆ ಹಿಡಿಯಿತು. ಆಮೇಲೆ ಹೊರಟರೆ ಗಾಡಿ ಬೇರೆಯೇ. ಅದೇ ಗಾಳಿ, ಅದೇ ಲಾರಿಗಳು, ಟ್ರೈಲರ್ ಸುಮ್ನೆ ಹಿಂದೆ ಬಂತು. ಗ್ಯಾಲನ್ನಿಗೆ 9 ಮೈಲಿ ಬಂತು, ಟ್ರೈಲರ್ ಕಟ್ಟಿದರೆ ಅದು ಅಷ್ಟೇ.

ಪಾಲೊ ಡ್ಯೂರೊದ ಅಂಚಿನಿಂದ ಕೆಳಗಿಳಿಯುವ ರಸ್ತೆ ನೂರಕ್ಕೆ ಹತ್ತರ ಇಳಿಜಾರು. ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಮೋಡ್ ಹಾಕಿ, ಎರಡನೇ ಗೇರಿನಲ್ಲಿ, ಬ್ರೇಕಿಗೆ ಆಗಾಗ ಬಿಡುವು ಕೊಡುತ್ತಾ ಇಳಿಸಿದೆ. ಕೆಂಪು ಗೋಡೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಅಪ್ಪ ಕಿಟಕಿ ಇಳಿಸಿಕೊಂಡು ಮಾತಿಲ್ಲದೆ ನೋಡುತ್ತಿದ್ದರು. ಆ ರಸ್ತೆಯನ್ನು 1930ರ ದಶಕದ ಕಷ್ಟಕಾಲದಲ್ಲಿ ಕೆಲಸವಿಲ್ಲದ ಹುಡುಗರನ್ನು ಸೇರಿಸಿ ಸರ್ಕಾರ ಮಾಡಿಸಿದ್ದು.

ಕ್ಯಾಂಪಿನ ಜಾಗದಲ್ಲಿ ನಿಂತ ಮೇಲೆ ಅಪ್ಪ ಮತ್ತೆ ಸುತ್ತು ಬಂದರು. ಈ ಸಲ ಟ್ರಕ್ ನೋಡಿದರು. ಹಿಂದಿನ ಚಕ್ರದ ಮೇಲೆ ಅದು ಚೆನ್ನಾಗಿ ಕುಸಿದಿತ್ತು, ಮೂತಿ ಮೇಲೆದ್ದಿತ್ತು. "ಈಗ ಎತ್ತು ಕೂತ್ಕಂಡೈತೆ ನೋಡು" ಅಂದರು. ದಾರಿಯಲ್ಲಿ ಸ್ಟೀರಿಂಗ್ ಹಗುರವಾಗಿದೆ ಅಂತ ನನಗೂ ಅನ್ನಿಸಿತ್ತು. ಆ ರಾತ್ರಿ ಟಾರ್ಚ್ ಹಿಡಿದು ಬಾಗಿಲು ತೆಗೆದು ಸ್ಟಿಕ್ಕರ್ ಓದಿದೆ. 1,540.

ಹೆಂಡತಿ ನೋಟ್‌ಬುಕ್ ತಂದಳು. ನಾನು, ಅವಳು, ಇಬ್ಬರು ಮಕ್ಕಳು, ಅಪ್ಪ ಸೇರಿ 625. ಬೆಡ್‌ನಲ್ಲಿ ಸೈಕಲ್ಲು, ಐಸ್ ಪೆಟ್ಟಿಗೆ, ಜನರೇಟರ್, ಉಪಕರಣ ಎಲ್ಲ 250. ಹಿಚ್ಚೇ 90. ಮೂಕಿಭಾರ ನೂರಕ್ಕೆ 13 ಅಂತ ಹಿಡಿದರೆ 880. ಒಟ್ಟು 1,845 ಪೌಂಡ್. ಮಿತಿಗಿಂತ 305 ಪೌಂಡ್ ಜಾಸ್ತಿ. ಟ್ರೈಲರನ್ನು ಸರಿಮಾಡಿದ್ದಕ್ಕೆ ಟ್ರಕ್ಕಿಗೆ ಭಾರ ಜಾಸ್ತಿಯಾಗಿತ್ತು. ಹಿಂಭಾರ ಇದ್ದಾಗ ಟ್ರಕ್ಕಿನ ಲೆಕ್ಕ ಹೆಚ್ಚುಕಡಿಮೆ ಸರಿಯಿತ್ತು, ಆದರೆ ಟ್ರೈಲರ್ ಕೊಲ್ಲುವ ಹಾಗಿತ್ತು. 11,000 ಪೌಂಡ್ ಎಳೆಯುವ ಗಾಡಿಗೆ ಈ ಟ್ರೈಲರ್ ಯಾಕೆ ಭಾರ ಅನ್ನುವುದು ಆವತ್ತು ಅರ್ಥವಾಯಿತು. ಎಂಜಿನ್ ಮತ್ತು ಗೇರ್ ಎಳೆಯುತ್ತವೆ. ಹೊರುವುದು ಸ್ಪ್ರಿಂಗು, ಅಚ್ಚು, ಟೈರು. ಜಾಹೀರಾತಿನ ದೊಡ್ಡ ಅಂಕಿ ಮೊದಲನೆಯದರದ್ದು. ಸಂಸಾರ ಕೂರಿಸಿಕೊಂಡು ಹೋಗುವವರಿಗೆ ಮೊದಲು ಮುಗಿದುಹೋಗುವುದು ಎರಡನೆಯದು.

"ನಮ್ಮೂರ ಬೊಲೆರೊ ಪಿಕಪ್ಪು ಹದಿನೇಳು ಕ್ವಿಂಟಾಲ್ ಹೊರ್ತದೆ. ಇದು ಏಳಾ?" ಅಂತ ಅಪ್ಪ ಕೇಳಿದರು. ನಿಜ. 1,700 ಕೆಜಿ ಹೊರುವ ಬೊಲೆರೊ ಇದೆ. ಅದು ಸಾಮಾನು ಹೊರಲೆಂದೇ ಮಾಡಿದ ಗಾಡಿ, ಗಟ್ಟಿ ಪಟ್ಟಿ ಸ್ಪ್ರಿಂಗು, ಖಾಲಿ ಇದ್ದರೆ ಕೂತವರ ಬೆನ್ನು ಮುರಿಯುತ್ತದೆ. ಇಲ್ಲಿನ ಹಾಫ್ ಟನ್ ದಿನಾ ಆಫೀಸಿಗೆ ಹೋಗುವವರು ಕಾರಿನ ಹಾಗೆ ಓಡಿಸುವ ಗಾಡಿ, ಸ್ಪ್ರಿಂಗು ಮೆತ್ತಗೆ. ಹಾಗಾದರೆ ನಮ್ಮ ಕಡೆಯ ಥರದ ಸಣ್ಣ ಪಿಕಪ್ ಇಲ್ಲಿ ಯಾಕಿಲ್ಲ ಅಂತ ಅಪ್ಪ ಕೇಳಿದಾಗ ಚಿಕನ್ ಟ್ಯಾಕ್ಸ್ ಕಥೆ ಹೇಳಿದೆ. ಯುರೋಪಿನವರು ಅಮೆರಿಕದ ಕೋಳಿಯ ಮೇಲೆ ಸುಂಕ ಹಾಕಿದ್ದಕ್ಕೆ ಎದುರಾಗಿ 1964ರಲ್ಲಿ ಇವರು ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ನೂರಕ್ಕೆ 25 ಸುಂಕ ಹಾಕಿದರು. ಕೋಳಿ ಜಗಳ ಮುಗಿದರೂ ಟ್ರಕ್ಕಿನ ಸುಂಕ ಹೋಗಲಿಲ್ಲ. ಇರುವ ಕಾರಣಗಳಲ್ಲಿ ಅದೂ ಒಂದು.

ಮೂರು ದಿನ ಇದ್ದು ವಾಪಸ್ ಹೊರಟಾಗ ಅಮರಿಲ್ಲೊದ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲ್ ಮೇಲೆ ಹತ್ತಿಸಿದೆ. ಲಾರಿಗಳು ತೂಗುವ ಕಾಟಾ. ನಮ್ಮಂಥವರೂ ಹೋಗಬಹುದು, ಒಂದು ಊಟದ ದುಡ್ಡಷ್ಟೇ. ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೈಲರಿನ ಚಕ್ರ ಮೂರನೆಯದರ ಮೇಲೆ ನಿಲ್ಲಬೇಕು. ಚೀಟಿ ಬಂತು. ಮುಂದೆ 3,220, ಹಿಂದೆ 4,060, ಟ್ರೈಲರ್ 5,900. ಟ್ರಕ್ಕಿನ ಎರಡು ಸೇರಿ 7,280. ಟ್ರಕ್ಕಿನ ಸ್ವಂತ ತೂಕವೂ ಸೇರಿದ ಒಟ್ಟು ಮಿತಿ 7,050. ಹಿಚ್ಚಿನ ಸ್ಪ್ರಿಂಗ್ ಸರಳುಗಳು ಮೂಕಿಭಾರದಲ್ಲಿ ಸ್ವಲ್ಪವನ್ನು ಟ್ರೈಲರಿನ ಚಕ್ರಕ್ಕೆ ವಾಪಸ್ ತಳ್ಳುತ್ತವೆ, ಅದಕ್ಕೇ ನೋಟ್‌ಬುಕ್ಕಿನ ಲೆಕ್ಕಕ್ಕಿಂತ ಕಮ್ಮಿ ಬಂತು. ಆದರೂ 230 ಜಾಸ್ತಿ. ಟ್ರೈಲರ್ ಬಿಚ್ಚಿ ಟ್ರಕ್ ಒಂದನ್ನೇ ಇನ್ನೊಂದು ಸಲ ತೂಗಿದೆ, 6,480 ಬಂತು. ಅದೇ ದಿನ ಎರಡನೇ ಸಲ ತೂಗಲು ತುಂಬಾ ಕಡಿಮೆ ದುಡ್ಡು. ಬೆಡ್‌ನಲ್ಲಿದ್ದ ಸಾಮಾನೆಲ್ಲ ತೆಗೆದು ಟ್ರೈಲರಿನ ಒಳಗೆ ಸರಿಯಾಗಿ ಚಕ್ರದ ನೆತ್ತಿಯ ಮೇಲೆ ಕಟ್ಟಿ, ಮನೆಯವರೆಗೂ 60 ಮೈಲಿ ದಾಟದೆ ಬಂದೆ.

ಮನೆಗೆ ಬಂದ ಮೇಲೆ ಒಂದು ತಿಂಗಳು ಯೋಚಿಸಿದೆ. ಇದಕ್ಕಿಂತ ಗಟ್ಟಿಯಾದ, ಮುಕ್ಕಾಲು ಟನ್ ಅಂತ ಕರೆಯುವ ಟ್ರಕ್ ತಗೊಂಡರೆ ಹೊರುವ ಚಿಂತೆ ಇರುವುದಿಲ್ಲ. ಆದರೆ ದಿನಾ ಓಡಿಸಲು ಗಡುಸು, ದುಡ್ಡೂ ಜಾಸ್ತಿ, ಗ್ಯಾರೇಜಿಗೆ ಖಂಡಿತ ಹೋಗುವುದಿಲ್ಲ. ಕೆಲವರು ಹಿಂದಿನ ಸ್ಪ್ರಿಂಗಿಗೆ ಆಸರೆಯಾಗುವ ಗಾಳಿ ತುಂಬಿದ ಏರ್ ಬ್ಯಾಗ್ ಹಾಕಿಸು, ಮಟ್ಟ ಬರುತ್ತೆ ಅಂದರು. ಮಟ್ಟ ಬರುತ್ತದೆ, ಮಿತಿ ಬದಲಾಗುವುದಿಲ್ಲ. ಕುಸಿದದ್ದು ಕಾಣದ ಹಾಗೆ ಮಾಡುತ್ತದೆ ಅಷ್ಟೇ. ನಾನು ಟ್ರೈಲರ್ ಮಾರಿದೆ. ನಷ್ಟವಾಯಿತು. ಬದಲಿಗೆ ಇಪ್ಪತ್ತು ಅಡಿಯದು, ತುಂಬಿದರೆ 4,600 ಪೌಂಡ್ ಆಗುವಂಥದ್ದು ತಗೊಂಡೆ. ನೀರಿನ ಟ್ಯಾಂಕ್ ಚಕ್ರದ ಮುಂದಿದೆಯಾ ಅಂತ ಮಲಗಿ ನೋಡಿ ತಗೊಂಡೆ. ಈ ಸಲ ಮಾರುವವರ ಮಾತು ಶುರುವಾಗುವ ಮೊದಲೇ ಸ್ಟಿಕ್ಕರಿನ ಫೋಟೊ ತೋರಿಸಿದೆ.

ಇದರ ಮೂಕಿಭಾರ 600. ಹಿಚ್ 90, ಬೆಡ್‌ನ ಸಾಮಾನು 250, ನಾವು ನಾಲ್ವರು 470. ಒಟ್ಟು 1,410. ಇದುವರೆಗೆ ಐದು ಸಲ ಹೋಗಿಬಂದಿದ್ದೇವೆ, ಒಂದು ಸಲವೂ ಅಲುಗಾಡಿಲ್ಲ. ಪ್ರತಿ ವರ್ಷದ ಮೊದಲ ಸುತ್ತಾಟಕ್ಕೆ ಹೊರಡುವಾಗ ಕಾಟಾದ ಮೇಲೆ ಹತ್ತಿಸಿಯೇ ಮುಂದೆ ಹೋಗುವುದು.

ಈ ಜೂನ್‌ನಲ್ಲಿ ಅಪ್ಪ ಮತ್ತೆ ಬರುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಚೀಟಿಯ ಅಂಕಿ ಓದಿ ಹೇಳಿದೆ. ಅವರ 155 ಸೇರಿಸಿದರೆ 1,565 ಆಗುತ್ತೆ ಅಪ್ಪಾ, ಇಪ್ಪತ್ತೈದು ಜಾಸ್ತಿ ಅಂದೆ. ಏನು ಇಳಿಸ್ತೀಯಾ ಅಂತ ಕೇಳಿದರು. ಜನರೇಟರೂ ಪೆಟ್ರೋಲ್ ಕ್ಯಾನೂ ಸೇರಿ ಎಂಬತ್ತು ಪೌಂಡ್ ಇದೆ, ಅವು ಮನೆಯಲ್ಲಿರಲಿ ಅಂದೆ.